ಬಿಸು ಇಲ್ಲದ ಪಂಚಾಂಗ

ಜಯಸಿಂಹ ಅಂದರೆ ಘಾಟ್ಕೋಪರಿನ ನಮ್ಮ ಹೋಟೆಲಿನ ಮಹಡಿಯಲ್ಲಿ, ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಆದಿತ್ಯವಾರ ಕೂತುಕೊಳ್ಳುತ್ತಿದ್ದ ಜನ. ಮೈಸೂರು ಕಡೆಯವರು. ಆಂಟಾಪ್ ಹಿಲ್ಲಿನ ಕ್ವಾರ್ಟರ್ಸಿನಲ್ಲಿ ಒಬ್ಬರೇ ಇದ್ದರು. ಹೆಂಡತಿ ಕೌಸಲ್ಯಾ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿಲ್ಲ. ನಾನು ಸದಾನಂದ, ಉಡುಪಿ ಕಡೆಯವ, ಆ ಹೋಟೆಲಿನ ಯಜಮಾನ. ನನ್ನ ಬಾಯಿ ಸ್ವಲ್ಪ ಜೋರು, ಅದು ಇಡೀ ಸ್ಟೇಷನ್ ರೋಡಿಗೆ ಗೊತ್ತು.

ತೊಂಬತ್ತೊಂದನೇ ಇಸವಿಯ ಮಾತು. ಕಂಪ್ಯೂಟರ್ ಹುಚ್ಚಿನ ಕೆಲವರು ನಮ್ಮ ಮಹಡಿಯಲ್ಲಿ ಸೇರುತ್ತಿದ್ದರು. ಯಾರು ಬೇಕಾದರೂ ಪುಕ್ಕಟೆ ಕಾಪಿ ಮಾಡಿಕೊಂಡು, ಒಳಗೆ ಕೈಹಾಕಿ ತಿದ್ದಬಹುದಾದ ಪ್ರೋಗ್ರಾಂಗಳನ್ನು ಫ್ಲಾಪಿಗಳ ಒಂದು ಕಟ್ಟು ಮಾಡಿ ಹಂಚುವುದು ಅವರ ಕೆಲಸ. ಒಂದೊಂದು ಪ್ರೋಗ್ರಾಮಿಗೂ ಒಬ್ಬ ನೋಡಿಕೊಳ್ಳುವವ. ತಕರಾರಿದ್ದರೆ ಅವನ ಟೇಬಲ್ಲಿಗೇ ಹೋಗಿ ಹೇಳಬೇಕು. ಹೇಳಿದರೂ ರಿಪೇರಿಯಾಗದೆ ಬಿದ್ದಿದ್ದರೆ ಆ ಫ್ಲಾಪಿಗೆ ಕೆಂಪು ಚೀಟಿ ಅಂಟಿಸುವರು. ಆಮೇಲೂ ಯಾರೂ ಮುಟ್ಟದಿದ್ದರೆ ಎಲ್ಲರೆದುರು ಹೆಸರು ಕೂಗಿ ಕಟ್ಟಿನಿಂದ ತೆಗೆದುಬಿಡುವರು.

ಬರೆದವರು ಗಲ್ಫಿಗೆ ಹೋಗುವರು, ಇಲ್ಲ ಮದುವೆಯಾಗಿ ಮಾಯವಾಗುವರು. ಹೀಗೆ ಅನಾಥವಾದದ್ದನ್ನೆಲ್ಲ ಜಯಸಿಂಹರೇ ಎತ್ತಿಕೊಳ್ಳುತ್ತಿದ್ದರು. "ನಿಮಗೆ ಎಂತ ಮರ್ಲಾ ಮಾರಾಯ್ರೆ, ಊರಿನ ತಲೆನೋವೆಲ್ಲ ನಿಮಗೇ ಬೇಕಾ?" ಅಂತ ಬೈದಿದ್ದೆ. ಸುಮ್ಮನೆ ನಕ್ಕರು. ತಕರಾರು ತಂದವರಿಗೆ ಕಾಫಿ ತರಿಸಿ ಮನೆ ಸಮಾಚಾರ ಕೇಳುವರು. ರಿಪೇರಿಯಾದ ಮೇಲೆ ಆ ಜನ ಮತ್ತೆ ಈ ಕಡೆ ತಲೆ ಹಾಕುತ್ತಿರಲಿಲ್ಲ. ಕೆಲಸವಾಯಿತಲ್ಲ, ಯಾಕೆ ಬರುತ್ತಾರೆ? ಕೊನೆಗೆ ಆ ಟೇಬಲ್ಲಿಗೆ ಹೋಗುತ್ತಿದ್ದವನು ನಾನೊಬ್ಬನೇ.

ನನ್ನದು ಪಂಚಾಂಗದ ತಕರಾರು. ಅವರು ಎತ್ತಿಕೊಂಡಿದ್ದ ಒಂದು ಪ್ರೋಗ್ರಾಂ ತಿಂಗಳ ತಿಥಿ, ಹಬ್ಬ ಎಲ್ಲ ಪ್ರಿಂಟ್ ಮಾಡುತ್ತಿತ್ತು. ನಾನದನ್ನು ಗಲ್ಲಾದ ಹಿಂದೆ ಅಂಟಿಸುತ್ತಿದ್ದೆ. ಆದರೆ ಅದು ಚಾಂದ್ರಮಾನದ್ದು, ಮಾರ್ಚಿನಲ್ಲೇ ಯುಗಾದಿ ಮುಗಿಸಿ ಕೂತಿತು. ನಾವು ಸೌರಮಾನದವರು, ನಮ್ಮ ಹೊಸ ವರ್ಷ ಏಪ್ರಿಲಿನ ಬಿಸು. ಅದರ ಹೆಸರೇ ಇಲ್ಲ. ಅಡಿಗೆಯವರು ಬಿಸುವಿಗೆ ರಜೆ ಕೇಳಿದರೆ ನಾನು ಗೋಡೆ ತೋರಿಸಿ "ಎಲ್ಲುಂಟು ಬಿಸು" ಅನ್ನಬೇಕಾ?

ಆದಿತ್ಯವಾರ ಬಂತೆಂದರೆ ಮೇಲೆ ಹೋಗಿ ಜಗಳ. "ಘಟ್ಟದ ಮೇಲಿನವರಿಗೆ ಸೂರ್ಯ ಕಾಣುವುದಿಲ್ಲವಾ?" ಅನ್ನುತ್ತಿದ್ದೆ. "ನಿಮ್ಮ ಸೂರ್ಯನ ಲೆಕ್ಕ ಬಲು ಕಷ್ಟ ಸ್ವಾಮಿ, ಮುಂದಿನ ವಾರ ನೋಡೋಣ" ಅನ್ನುವರು. ಅಲ್ಲಿಂದ ಜಗಳ ನಮ್ಮ ಸಾಂಬಾರಿನ ಬೆಲ್ಲಕ್ಕೆ ಹೋಗಿ, ಕಾಫಿಯಲ್ಲಿ ಮುಗಿಯುತ್ತಿತ್ತು. ಆ ಮುಂದಿನ ವಾರ ಮಾತ್ರ ಬರಲೇ ಇಲ್ಲ.

ಫ್ಲಾಪಿಗೆ ಕೆಂಪು ಚೀಟಿ ಬಿತ್ತು. ತಿಂಗಳು ಕಳೆದು ಸಭೆಯಲ್ಲಿ ಹೆಸರೂ ಕೂಗಿದರು. ಸಭೆ ನಡೆಸುತ್ತಿದ್ದ ಕೇಶವಮೂರ್ತಿ, "ಸರಿ ಮಾಡಿದವರು ಯಾರಾದರೂ ಇದ್ದೀರಾ?" ಎಂದು ಕೇಳಿದರು. ಜಯಸಿಂಹರ ಕೈ ಅಂಗಿಯ ಜೇಬಿಗೆ ಹೋಯಿತು. ಅಲ್ಲೊಂದು ಫ್ಲಾಪಿ ಇತ್ತು. ನನ್ನ ಕಡೆ ನೋಡಿದರು. ಕೈ ಹಾಗೇ ಕೆಳಗಿಳಿಯಿತು. ಪಂಚಾಂಗವನ್ನು ಕಟ್ಟಿನಿಂದ ತೆಗೆದರು.

ಮುಂದಿನ ಆದಿತ್ಯವಾರ ನಾನು ಮೇಲೆ ಹೋಗಲಿಲ್ಲ. ಪ್ರೋಗ್ರಾಮೇ ಇಲ್ಲದ ಮೇಲೆ ಎಂತ ಜಗಳ? ಗಿರಾಕಿಯೂ ಜೋರಿತ್ತು. ಅದರ ಮರುವಾರ ಜಯಸಿಂಹರೇ ಬರಲಿಲ್ಲ. ಆಮೇಲೂ ಇಲ್ಲ. ಖಾಲಿ ಟೇಬಲ್ ನೋಡಿ ನನಗೆ ಸಿಟ್ಟು ಹತ್ತಿತು. ಗಲ್ಲಾ ಬಿಟ್ಟು ಲೋಕಲ್ ಹಿಡಿದು, ಕುರ್ಲಾದಲ್ಲಿ ಬದಲಾಯಿಸಿ, ಅವರ ಮನೆಗೇ ಹೋದೆ.

ಕಂಪ್ಯೂಟರಿನ ಎದುರು ಒಂದೇ ಕುರ್ಚಿ. ನನಗೆ ಅಡಿಗೆಮನೆಯಿಂದ ಸ್ಟೂಲ್ ತಂದಿಟ್ಟರು. ಪಂಚಾಂಗದ ಏಪ್ರಿಲ್ ತೆಗೆದು ತೋರಿಸಿದರು. ಇರಬೇಕಾದ ತಾರೀಕಿನಲ್ಲೇ ಬಿಸು ಇತ್ತು.

"ಯಾವಾಗ ಸರಿ ಮಾಡಿದ್ದು?"

"ನೀವು ಮೊದಲ ಸಲ ಬೈದ ವಾರವೇ."

"ಮತ್ತೆ ಕೊಡಲಿಕ್ಕೆ ಏನಾಗಿತ್ತು ನಿಮಗೆ?"

"ಕೊಟ್ಟಿದ್ರೆ ನೀವು ಮತ್ತೆ ಬರ್ತಿದ್ರಾ?"

"ಸರಿ. ಆವತ್ತು ತೆಗೆದು ಹಾಕುವಾಗಲಾದರೂ ಕೊಡಬಹುದಿತ್ತಲ್ಲ?"

"ತೆಗೆದು ಹಾಕಿದ್ರೆ ನಿಮಗೆ ಇನ್ನೂ ಸಿಟ್ಟು ಬರುತ್ತೆ, ದೊಡ್ಡ ಜಗಳಕ್ಕೇ ಬರ್ತೀರಿ ಅಂದ್ಕೊಂಡೆ. ಆ ಭಾನುವಾರ ಎರಡು ಕಾಫಿ ತರಿಸಿ ಕಾದೆ."

ಸ್ಟೂಲನ್ನು ಅವರ ಕುರ್ಚಿಯ ಹತ್ತಿರಕ್ಕೆ ಎಳೆದುಕೊಂಡೆ. "ಸರಿ ಮಾಡಿ ಕೊಟ್ಟಿದ್ದರೂ ಬರುತ್ತಿದ್ದೆ" ಅಂದೆ. ಅದು ಸುಳ್ಳು ಅಂತ ಇಬ್ಬರಿಗೂ ಗೊತ್ತಿತ್ತು. ಅವರು ಕಂಪ್ಯೂಟರ್ ಆರಿಸಿ, "ಕೂತಿರಿ, ಕಾಫಿ ಮಾಡ್ತೀನಿ" ಅಂತ ಒಳಗೆ ಹೋದರು.