ಟೀಚರಮ್ಮನ ಬೋಗುಣಿ

ಮೊನ್ನೆ ಮಗಳು ಈರುಳ್ಳಿಯನ್ನು ಕಂದುಬಣ್ಣಕ್ಕೆ ಹುರಿದು ಮ್ಯಾಕರೋನಿ, ಚೀಸ್ ಮೇಲೆ ಸುರಿಯುತ್ತಿದ್ದಳು. ಆ ವಾಸನೆಗೆ ನಾನು ಅಡುಗೆಮನೆಗೆ ಬರುವಷ್ಟರಲ್ಲಿ ಕಪಾಟಿನ ಮೇಲಿದ್ದ ನೀಲಿ ಅಂಚಿನ ಬೋಗುಣಿಯನ್ನೂ ಇಳಿಸಿಕೊಂಡಿದ್ದಳು. “ಅದನ್ನ ಮುಟ್ಟಬ್ಯಾಡ!” ಎಂದು ನಾನು ಕೂಗಿದ್ದು ಕೆಳಗಿನ ಅಂಗಡಿಗೂ ಕೇಳಿಸಿರಬೇಕು.

“ಚಿಲ್ ಅಪ್ಪಾ, ಇಟ್ಸ್ ಜಸ್ಟ್ ಎ ಬೌಲ್.”

ಜಸ್ಟ್ ಎ ಬೌಲ್...

ಒಂಬತ್ತು ವರ್ಷದ ಹಿಂದೆ, ಕೊಲ್ಲಿ ನಾಡಿನ ಈ ಅಲ್ ಖುವೈರಿನಲ್ಲಿ, ಇದೇ ಕಟ್ಟಡದ ಎದುರು ಫ್ಲ್ಯಾಟಿನಲ್ಲಿ ಸ್ವಿಟ್ಜರ್ಲೆಂಡಿನ ವಯಸ್ಸಾದ ಹೆಂಗಸೊಬ್ಬರಿದ್ದರು. ಮಕ್ಕಳಿಗೆ ಪಿಯಾನೊ ಕಲಿಸುತ್ತಿದ್ದರು. ನಮಗೆ ಅವರು ಟೀಚರಮ್ಮ. ಆ ಬೇಸಿಗೆಯಲ್ಲಿ ಹೆಂಡತಿ ಮಗಳೊಂದಿಗೆ ಗದಗಿಗೆ ಹೋಗಿದ್ದಳು. ನನಗೆ ಜ್ವರ ಬಂತು. ಸಾದಾ ಜ್ವರವೇ. ಆದರೂ ಇನ್ಶೂರೆನ್ಸ್ ಕಾಗದಗಳನ್ನೆಲ್ಲ ಮೇಜಿನ ಮೇಲೆ ಜೋಡಿಸಿಟ್ಟುಕೊಂಡು ಮಲಗಿದ್ದೆ, ಹಿಂದೆ ಉಳಿಯುವವರಿಗೆ ತೊಂದರೆಯಾಗಬಾರದೆಂದು.

ಟೀಚರಮ್ಮ ಈ ಬೋಗುಣಿ ಹಿಡಿದು ಬಾಗಿಲು ತಟ್ಟಿದರು. ಮ್ಯಾಕರೋನಿ, ಆಲೂಗಡ್ಡೆ, ಕೆನೆ, ಚೀಸ್, ಮೇಲೆ ಕಂದು ಈರುಳ್ಳಿ. ಪಕ್ಕಕ್ಕೆ ಬೇಯಿಸಿ ಕಿವುಚಿದ ಸೇಬು. ಅವರ ಊರಿನಲ್ಲಿ ಬೇಸಿಗೆಗೆ ಬೆಟ್ಟ ಹತ್ತಿ ದನ ಕಾಯುವವರ ಊಟವಂತೆ. ನಾನು ಥ್ಯಾಂಕ್ಸ್ ಹೇಳುವ ಬದಲು “ಮೊಟ್ಟೆ ಇದೆಯೇ?” ಎಂದೆ. ಅವರು ವಾಪಸ್ ಹೋಗಿ ಮ್ಯಾಕರೋನಿ ಪೊಟ್ಟಣವನ್ನೂ ತಮ್ಮ ಕನ್ನಡಕವನ್ನೂ ತಂದು ನನ್ನ ಕೈಗಿಟ್ಟರು. “ಓದಿ. ನಂಬಿಕೆ ಬರುವವರೆಗೆ ಓದಿ.”

ಓದಿದೆ. ಎರಡು ಸಲ. ಆಮೇಲೆ, ಖಾರವಿಲ್ಲದ್ದು ಗಂಟಲಲ್ಲಿ ಇಳಿಯದೆ, ಡಬ್ಬಿಯ ತಳ ಕೆರೆದು ಕೊನೆಯ ಶೇಂಗಾ ಚಟ್ನಿ ಉದುರಿಸಿಕೊಂಡು ಬೋಗುಣಿಯನ್ನೇ ಖಾಲಿ ಮಾಡಿದೆ. ಮೂರು ದಿನದ ಮೇಲೆ ಹೊಟ್ಟೆಗೆ ಬಿದ್ದ ಅನ್ನ ಅದು.

ತೊಂದರೆ ಶುರುವಾದದ್ದು ಬೋಗುಣಿ ತೊಳೆದಿಟ್ಟ ಮೇಲೆ. ನೆರೆಯವರ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದು. ಅವ್ವ ಕಲಿಸಿದ ಪಾಠ. ಏನು ತುಂಬುವುದು? ಅಂಗಡಿಯ ಸಿಹಿಯೇ? ಅವರಿಗೆ ಸಕ್ಕರೆ ಕಾಯಿಲೆ ಇದ್ದರೆ? ಉಪ್ಪಿಟ್ಟೇ? ನನ್ನ ಉಪ್ಪಿಟ್ಟು ತಿಂದು ಅವರಿಗೇನಾದರೂ ಆದರೆ? ಕೊನೆಗೆ, ಶುಕ್ರವಾರ ಹೆಂಡತಿ ಊರಿಂದ ಕರದಂಟು ತರುತ್ತಾಳೆ, ಅದನ್ನೇ ತುಂಬೋಣ ಎಂದು ನಿಶ್ಚಯಿಸಿದೆ.

ಮಂಗಳವಾರ ಲಿಫ್ಟಿನ ಬಳಿ ಸಿಕ್ಕರು. ಕೆಲಸ ಮುಗಿಯಿತು, ಗುರುವಾರ ಊರಿಗೆ ಹೊರಡುತ್ತೇನೆ ಎಂದರು. “ಆ ಬೋಗುಣಿ ನನ್ನ ತಾಯಿಯದು. ಸಾಮಾನು ಕಟ್ಟುತ್ತಿದ್ದೇನೆ...”

“ಖಾಲಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ, ಮೇಡಂ.”

“ನನಗೆ ಖಾಲಿಯೇ ಸಾಕು,” ಎಂದು ನಕ್ಕರು.

ನಾನು, ಮಹಾ ಸಂಸ್ಕಾರವಂತ, ಒಪ್ಪಲಿಲ್ಲ. ಗುರುವಾರದೊಳಗೆ ಏನಾದರೂ ಮಾಡಿ ತುಂಬಿಯೇ ಕೊಡುತ್ತೇನೆ ಎಂದೆ. ಬುಧವಾರ ರವೆ ಸೀದುಹೋಯಿತು. ಗುರುವಾರ ಆಫೀಸಿನಿಂದ ಬೇಗ ಹೊರಟು, ಒಂದು ಕಿಲೋ ಖರ್ಜೂರ ಕೊಂಡು, ಹೈವೇ ಟ್ರಾಫಿಕ್ಕಿನಲ್ಲಿ ಬೆವರಿ ಬಂದೆ. ಕೆಳಗಿನ ಅಂಗಡಿಯ ಬ್ಯಾರಿ ನನ್ನ ಕೈಯ ಪೊಟ್ಟಣ ನೋಡಿದ. “ಅವ್ರು ಹೋಗಿ ಒಂದು ಗಂಟೆ ಆಯ್ತು ಮಾರಾಯ್ರೆ. ನಿಮ್ಮ ಮನೆ ಬೆಲ್ ಎರಡು ಸಲ ಒತ್ತಿದ್ರಂತೆ. ಟ್ಯಾಕ್ಸಿ ಕಾಯಿಸಿ ಮತ್ತೊಮ್ಮೆ ಮೇಲೆ ಹೋಗಿ ಬಂದ್ರು.”

ಮರುದಿನ ಹೆಂಡತಿ ಬಂದಳು. ಕರದಂಟಿನ ಡಬ್ಬಿಯನ್ನು ಕುಕ್ಕಿಟ್ಟು ಹೇಳಿದಳು: “ಅಲ್ರೀ, ಒಂದ್ ಮುಷ್ಟಿ ಸಕ್ರಿ ಹಾಕಿ ಕೊಟ್ರ ಮುಗೀತಿತ್ತಲ್ರೀ! ಊರಾಗ ಎಲ್ಲಾರೂ ಅದನ್ನ ಮಾಡ್ತಾರ.”

ಸಕ್ಕರೆ ಡಬ್ಬಿ ಬೋಗುಣಿಯ ಪಕ್ಕದಲ್ಲೇ ಇತ್ತು.

ಅವರ ಇಲ್ಲಿನ ನಂಬರು ನನ್ನಲ್ಲಿತ್ತು. ಏನೆಂದು ಹೇಳಲಿ ಎಂದು ಯೋಚಿಸುತ್ತ ವರ್ಷ ಕಳೆದೆ. ಧೈರ್ಯ ಮಾಡಿ ಫೋನಿಸಿದಾಗ ಯಾರೋ ಅರಬ್ಬಿಯಲ್ಲಿ ಮಾತಾಡಿದರು. ಟೀಚರಮ್ಮ ಈಗ ಇದ್ದಾರೋ ಇಲ್ಲವೋ... ಆಗಲೇ ಎಪ್ಪತ್ತರ ಹತ್ತಿರವಿದ್ದರು.

ಮೊನ್ನೆ ಮಗಳು ಎಲ್ಲ ಕೇಳಿ, ತನ್ನ ಅಡುಗೆಯನ್ನು ಸ್ಟೀಲ್ ಪಾತ್ರೆಗೆ ಸುರಿದಳು. ನಾನು ಬೋಗುಣಿಯನ್ನು ಒರೆಸಿ ಕಪಾಟಿನ ಮೇಲಿಟ್ಟೆ. ಬರಿದಾಗಿ ಕೊಡಬಾರದೆಂದು ಇಟ್ಟುಕೊಂಡದ್ದು, ಒಂಬತ್ತು ವರ್ಷದಿಂದ ನನ್ನ ಮನೆಯಲ್ಲಿ ಬರಿದಾಗಿಯೇ ಕೂತಿದೆ.