ಉಪ್ಪು ನೋಡಲು ಕೂತ ಅಮ್ಮ

ಒಟ್ಟು ಹದಿನೆಂಟು ಡಾಲರ್. ತಾಯಂದಿರ ದಿನದ ಬ್ರಂಚ್, ನಾಲ್ಕು ಜನಕ್ಕೆ. ನಮ್ಮ ನಗರದ ಡಾಕ್‌ಲ್ಯಾಂಡ್ಸ್‌ನ ನೀರಿನಂಚಿನ ಕೆಫೆಗಳಲ್ಲಿ ಅಷ್ಟಕ್ಕೆ ಒಬ್ಬರ ತಟ್ಟೆಯೂ ಬರುವುದಿಲ್ಲ. ನಮ್ಮ ಬಡಾವಣೆ ಟಾರ್ನೀಟ್‌ನ ಅಂಗಡಿಯಲ್ಲಿ ಎರಡು ಪ್ಯಾಕೆಟ್ ಅವಲಕ್ಕಿಯನ್ನು ಒಂದರ ಬೆಲೆಗೆ ತಂದೆ, ಕರಿಬೇವನ್ನು ಪಕ್ಕದ ಮನೆಯವರನ್ನು ಕೇಳಿ ಅವರ ಗಿಡದಿಂದ ಪಡೆದೆ. ಕೇಳುವುದಕ್ಕೆ ನಾಚಬಾರದು, ಕ್ಲೇಟನ್‌ನಲ್ಲಿ ಓದುವಾಗ ಹಾಸಿಗೆಯಿಂದ ಸೈಕಲ್‌ವರೆಗೆ ಎಲ್ಲವನ್ನೂ ಹೀಗೇ ಸಂಪಾದಿಸಿದವನು ನಾನು.

ಕೆಫೆ ಬೇಡವೆಂದದ್ದು ದುಡ್ಡಿಗಾಗಿ ಮಾತ್ರವಲ್ಲ. ಅಮ್ಮ ಧಾರವಾಡದಿಂದ ಬಂದು ಮೊದಲು ಸಿಡ್ನಿಯ ಅಣ್ಣನ ಮನೆಯಲ್ಲಿ ಇಳಿದಿದ್ದಳು. ಬಂದ ಖುಷಿಗೆ ಅವನು ಟೇಬಲ್ ಬುಕ್ ಮಾಡಿ ದೊಡ್ಡ ಕೆಫೆಗೆ ಕರೆದೊಯ್ದ. ಅಮ್ಮ ಎಲ್ಲರೂ ತಿನ್ನುವವರೆಗೆ ಕಾದು, ತನ್ನ ಪಾಲಿನ ಆರಿದ ಟೋಸ್ಟನ್ನು ಟಿಶ್ಯೂವಿನಲ್ಲಿ ಸುತ್ತಿ ಮೊಮ್ಮಗನಿಗೆಂದು ಮನೆಗೆ ತಂದಳಂತೆ. ಅವಳು ಎಲ್ಲರಿಗಿಂತ ಮೊದಲು, ಬಿಸಿಬಿಸಿಯಾಗಿ ಉಂಡದ್ದನ್ನು ನಾನು ಈವರೆಗೆ ನೋಡಿಲ್ಲ. ಈ ಸಲ ನೋಡಲೇಬೇಕೆಂದು ಹಟ ತೊಟ್ಟೆ.

ಅಡುಗೆಯವರು ಇಬ್ಬರು: ಚಹಾ ಬಿಟ್ಟು ಏನೂ ಬಾರದ ನಾನು, ಅದೂ ಬಾರದ ಹನ್ನೆರಡರ ಮಗಳು. ಹೆಂಡತಿಯೂ ತಾಯಿಯೇ ಆದ್ದರಿಂದ ಒಲೆಯ ಹತ್ತಿರ ಅವಳಿಗೂ ಪ್ರವೇಶವಿಲ್ಲ. ಒಗ್ಗರಣೆ ಅವಲಕ್ಕಿ ಮಾಡೋಣವೆಂದು, ವಿಡಿಯೋದಲ್ಲಿ ಹೇಳಿದಂತೆ ಹತ್ತು ನಿಮಿಷ ನೆನೆಹಾಕಿದೆವು. ವಿಡಿಯೋದವರದು ದಪ್ಪ ಅವಲಕ್ಕಿ. ನಾನು ಅಗ್ಗಕ್ಕೆ ತಂದದ್ದು ಕಾಗದದಂಥ ತೆಳು.

ಹೆಂಡತಿ ಬೋಗುಣಿಯೊಳಗೆ ಇಣುಕಿದಳು. "ಒಂದಕ್ಕೆ ಒಂದು ಫ್ರೀ ಅಂದಾಗ್ಲೇ ಡೌಟ್ ಬಂದಿತ್ತು."

"ಏನೋ ಇದು, ಪೋಸ್ಟರ್ ಹಚ್ಚಲಿಕ್ಕೆ ಅಂಟು ಕಲಸೀಯೇನು?" ಅಮ್ಮ ಸೆರಗು ಸಿಕ್ಕಿಸಿ ಎದ್ದೇಬಿಟ್ಟಳು. "ಸರಿ ಅತ್ಲಾಗ."

ಮಗಳು ಅಡ್ಡ ನಿಂತಳು. "ನೋ, ಅಜ್ಜಿ. ಯು ಸಿಟ್. ಜಸ್ಟ್ ಟೆಲ್ ಅಸ್."

ಅಮ್ಮ ಮತ್ತೆ ಕೂತು ಕುರ್ಚಿಯಿಂದಲೇ ಹುಕುಂ ಹೊರಡಿಸಿದಳು: ಇದರದ್ದೇ ರೊಟ್ಟಿ ಮಾಡು, ಈ ಮುದ್ದೆಗೆ ಉಪ್ಪು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಸಣ್ಣಗೆ ಹೆಚ್ಚಿ ಹಾಕು, ಕರಿಬೇವು ಹರಿದು ಹಾಕು, ಉಂಡೆ ಹಿಡಿಯುವಷ್ಟು ಅಕ್ಕಿಹಿಟ್ಟು ಕಲಸು, ಎಣ್ಣೆ ಸವರಿದ ತಣ್ಣನೆಯ ತವೆಯ ಮೇಲೆ ತಟ್ಟಿ ಆಮೇಲೆ ಒಲೆಗಿಡು. ಮೊದಲ ರೊಟ್ಟಿ ಯಾವುದೋ ದೇಶದ ನಕ್ಷೆಯಂತೆ ಬಂತು. ಅವಳ ಮುಂದಿಟ್ಟೆ.

"ನೀವು ತಿನ್ರಿ. ನಂದೇನ ಅವಸರ," ಎಂದು ತಟ್ಟೆಯನ್ನು ಮೊಮ್ಮಗಳತ್ತ ತಳ್ಳಿದಳು.

ಸಿಡ್ನಿಯ ಕಥೆಯೇ ಇಲ್ಲೂ ಆಯಿತಲ್ಲ ಅಂದುಕೊಂಡೆ. ಆದರೆ ಅಂಗಡಿಯವನನ್ನು "ಕಡಿಮೆ ಮಾಡಿ" ಎಂದು ಬೇಡಿದರೆ ಬಗ್ಗುವುದಿಲ್ಲ. "ನೀವೇ ನೋಡಿ ಹೇಳಿ" ಎಂದರೆ ಕರಗುತ್ತಾನೆ. ಅಮ್ಮನ ಮೇಲೂ ಅದನ್ನೇ ಪ್ರಯೋಗಿಸಿದೆ.

"ಉಪ್ಪು ಕಡಿಮಿ ಬಿದ್ದದೇನೋ, ನೋಡಿ ಹೇಳು. ಆಮ್ಯಾಲೆ ಉಳಿದದ್ದು ತಟ್ತೀನಿ."

ಅಮ್ಮ ಒಂದು ಚೂರು ಮುರಿದಳು. "ಉಪ್ಪು ಬರೋಬ್ಬರಿ ಅದ. ಖಾರ ಸಾಲದು." ಇನ್ನೊಂದು ಚೂರು. "ನಡು ಹಸಿ ಉಳದದ." ತಟ್ಟೆ ಖಾಲಿ. ಎರಡನೆಯದು ತವೆಯಿಂದ ನೇರ ಅವಳ ತಟ್ಟೆಗಿಳಿಯಿತು. "ಇದಕ್ಕ ಖಾರ ಹತ್ತೇದ. ಅಂಚು ಗರಿಗರಿ ಆಗ್ಬೇಕು." ಅದೂ ಮುಗಿಯಿತು. ಮೂರನೆಯದಕ್ಕೆ ಮೊಸರು ಕೇಳಿದಳು.

"ನಮಗೂ ಒಂದೆರಡು ಪರೀಕ್ಷೆಗೆ ಸಿಗ್ತವಾ?" ಎಂದಳು ಹೆಂಡತಿ.

ಹೊಸದಾಗಿ ಸೌಟು ಹಿಡಿದವರೇ, ಒಂದೊಂದಾಗಿ ಬೇಯುವ ತಿಂಡಿಯನ್ನೇ ಆರಿಸಿಕೊಳ್ಳಿ. ಪಾತ್ರೆ ತುಂಬ ಮಾಡಿಟ್ಟರೆ ತಾಯಿ ಬಡಿಸಲು ಏಳುತ್ತಾಳೆ. ಅವಳ ಕುರ್ಚಿಯನ್ನು ಒಲೆ ಕಾಣುವಂತೆ, ಆದರೆ ಸುಲಭಕ್ಕೆ ಎದ್ದು ಬರಲಾಗದಂತೆ ಗೋಡೆಯ ಕಡೆಗೆ ಹಾಕಿ. ಊಟಕ್ಕೆ ಕರೆಯಬೇಡಿ, ತಪ್ಪು ಹುಡುಕಲು ಕರೆಯಿರಿ. "ಈಗ ಸರಿ ಆತು" ಎಂದರೂ ನಂಬದವರಂತೆ ಇನ್ನೊಂದು ಹಾಕಿ. ಮತ್ತು ಅವಳು ಕೈ ತೊಳೆಯಲು ಏಳುವ ಮುನ್ನ ಸಿಂಕ್ ಖಾಲಿ ಮಾಡಿ.