ಅಧ್ಯಕ್ಷರ ಎರಡು ನಡೆಗಳು

ಆನ್‌ಲೈನ್ ಚದುರಂಗ ಪಂದ್ಯಾವಳಿಯನ್ನು ಉದ್ಘಾಟಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿಯೇ ನಮ್ಮ ಸಂಘಟನಾ ಸಮಿತಿಯ ಮೊದಲ ಸಭೆಗಳೆಲ್ಲ ಕಳೆದುಹೋದವು. ಪಂದ್ಯಾವಳಿಯನ್ನು ನಡೆಸುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಅದು ನನ್ನ ಪಾಲಿಗೆ ಬಂದಿತ್ತು.

ನಾನು ಕೊಪ್ಪಳದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಪ್ರತಿ ವರ್ಷ ಜೂನ್ ಬಂದಾಗ ನನ್ನನ್ನು ಮತ್ತೆ ಕರೆಯಬೇಕೋ ಬೇಡವೋ ಎಂಬುದನ್ನು ಪ್ರಾಂಶುಪಾಲರು ಯೋಚಿಸುತ್ತಾರೆ. ಆದುದರಿಂದ ಅವರು ಒಪ್ಪಿಸುವ ಯಾವ ಕೆಲಸವೂ ನನಗೆ ಬಾರದ ಕೆಲಸವಾಗಿರುವುದಿಲ್ಲ. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವನು ನಾನೊಬ್ಬನೇ. ಹೀಗಾಗಿ ತಪ್ಪಿಲ್ಲದೆ ಬರೆಯಬಲ್ಲವನೂ ನಾನೇ ಎಂದು ಮನೆಯವರೂ ಕಾಲೇಜಿನವರೂ ನಂಬಿದ್ದಾರೆ. ಆ ನಂಬಿಕೆಗೆ ಧಕ್ಕೆ ಬರಬಾರದೆಂದು ಪಂದ್ಯಾವಳಿಯ ನಿಯಮಾವಳಿಯನ್ನು ಮತ್ತೆ ಮತ್ತೆ ತಿದ್ದಿ ಬರೆದೆ. 'ಸದರಿ', 'ತಕ್ಕುದಾದ', 'ಯಾವುದೇ ಸಂದರ್ಭದಲ್ಲಿಯೂ' ಎಂಬ ಪದಗಳು ಎಲ್ಲೆಲ್ಲಿ ಬರಬೇಕೋ ಅಲ್ಲೆಲ್ಲ ಬಂದಿದ್ದವು.

ನಾವು ಆರಿಸಿಕೊಂಡದ್ದು ಬ್ಲಿಟ್ಜ್ ಮಾದರಿ. ಅದರಲ್ಲಿ ಒಬ್ಬ ಆಟಗಾರನಿಗೆ ಇಡೀ ಆಟಕ್ಕೆ ಮೂರೇ ನಿಮಿಷ, ಅದು ತೀರಿದರೆ ಸೋಲು. ನಮ್ಮ ಕಡೆಯ ಸಮಾರಂಭಗಳಲ್ಲಿ ವೇದಿಕೆಯ ಮೇಲಿರುವವರ ಹೆಸರುಗಳನ್ನು ಓದಿ ಮುಗಿಸಲಿಕ್ಕೂ ಅಷ್ಟು ಸಮಯ ಸಾಲುವುದಿಲ್ಲ. ಆದರೂ ಸಮಿತಿ ಒಪ್ಪಿತು. ಆಟ ಬೇಗ ಮುಗಿದಷ್ಟೂ ಭಾಷಣಕ್ಕೆ ಅವಕಾಶ ಹೆಚ್ಚು ಎಂಬುದು ಅವರ ಲೆಕ್ಕಾಚಾರವಾಗಿತ್ತೆಂದು ನನಗೆ ಆಮೇಲೆ ತಿಳಿಯಿತು.

ಪ್ರಾಯೋಜಕರು ಕುಷ್ಟಗಿಯ ಹತ್ತಿರ ಶಾಲೆಯೊಂದನ್ನು ನಡೆಸುವವರು. ಎಲ್ಲರೂ ಅವರನ್ನು ಅಧ್ಯಕ್ಷರು ಎನ್ನುತ್ತಾರೆ. ಯಾವುದರ ಅಧ್ಯಕ್ಷರು ಎಂದು ಕೇಳುವುದು ಸಭ್ಯತೆಯಲ್ಲ. ವಿಜೇತರಿಗೆ ಒಂದು ಕಪ್, ಜೊತೆಗೆ ತಮ್ಮ ಶಾಲೆಯಲ್ಲಿ ಚದುರಂಗ ಶಿಕ್ಷಕರ ಹುದ್ದೆ ಎಂದು ಅವರು ಘೋಷಿಸಿದ್ದರು. ಬ್ಯಾನರಿನಲ್ಲಿ ಅವರ ಭಾವಚಿತ್ರ ಆಳೆತ್ತರವಿತ್ತು. ಚದುರಂಗದ ಹಲಗೆ ಅವರ ಮೊಣಕಾಲಿನ ಹತ್ತಿರ ಕರವಸ್ತ್ರದಷ್ಟಿತ್ತು.

ಅರ್ಹತಾ ಸುತ್ತುಗಳನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಿಗೆ ಪ್ರತ್ಯೇಕವಾಗಿ ನಡೆಸಿದೆವು. ಅಂತರ್ಜಾಲಕ್ಕೆ ತಾಲ್ಲೂಕಿನ ಗಡಿಯಿಲ್ಲವೆಂದು ನಾನು ವಿನಯಪೂರ್ವಕವಾಗಿ ಸೂಚಿಸಿದ್ದೆ. "ಅದಕ್ಕ ಇಲ್ಲದಿರಬಹುದು, ನಮಗ ಐತಲ್ರಿ" ಎಂದರು ಪ್ರಾಂಶುಪಾಲರು.

ಸಿದ್ದಾಪುರದ ಯುವಕನೊಬ್ಬ ಗೆಲ್ಲುವ ಹಂತದಲ್ಲಿದ್ದಾಗ ಭತ್ತ ಕೊಯ್ಯುವ ಯಂತ್ರದವನ ಕರೆ ಬಂದು ಪರದೆಯನ್ನೆಲ್ಲ ಮುಚ್ಚಿತು. ಕರೆ ಸ್ವೀಕರಿಸದಿದ್ದರೆ ಯಂತ್ರ ಬೇರೆಯವರ ಗದ್ದೆಗೆ ಹೋಗುತ್ತದೆ, ಸ್ವೀಕರಿಸಿದರೆ ಮಂತ್ರಿ ಹೋಗುತ್ತದೆ. ಅವನು ಮಂತ್ರಿಯನ್ನು ಬಿಟ್ಟುಕೊಟ್ಟ. ಹುಲಿಹೈದರದ ಅಣ್ಣತಮ್ಮಂದಿರಿಬ್ಬರು ಪರಸ್ಪರ ಆಡಬೇಕಾಗಿ ಬಂದಾಗ ತಮ್ಮ ನನಗೆ ಕರೆ ಮಾಡಿದ: "ಸರ, ಮನ್ಯಾಗ ಫೋನ್ ಒಂದ ಐತ್ರಿ. ನಮ್ಮಣ್ಣ ಗೆದ್ದಾನಂತ ಬರ್ಕೊಂಡ್ಬಿಡ್ರಿ. ಅಂವಗ ಹೆಣ್ಣು ನೋಡಾಕತ್ತೀವಿ, ಹೇಳ್ಕೊಳ್ಳಾಕ ಬರ್ತೈತಿ." ನಿಯಮಾವಳಿಯಲ್ಲಿ ಇದಕ್ಕೆ ಅವಕಾಶವಿಲ್ಲವೆಂದು ವಿವರಿಸಿದೆ. "ಕನ್ಯಾದವ್ರು ನಿಯಮಾವಳಿ ಓದೂದಿಲ್ಲ ಬಿಡ್ರಿ" ಎಂದ.

ಹೀಗೆ ಸೋಸಿ ಸೋಸಿ ಇಬ್ಬರು ಉಳಿದರು. ಒಬ್ಬರು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರು. ಇನ್ನೊಬ್ಬರು ಯಲಬುರ್ಗಾದ ಶಿಕ್ಷಕಿ. ಅವರು ಪಾಠ ಹೇಳುತ್ತಿದ್ದ ಖಾಸಗಿ ಶಾಲೆ ಮುಚ್ಚಿಹೋಗಿ ಎರಡು ವರ್ಷಗಳಾಗಿದ್ದವು. ಅಂತಿಮ ಪಂದ್ಯದ ಹಿಂದಿನ ದಿನ ಅವರೇ ಕರೆ ಮಾಡಿದರು.

"ಸರ, ಆ ಹುದ್ದೆ ಖರೇನ ಕೊಡ್ತಾರೇನ್ರಿ? ಇಲ್ಲಾ ಬರೇ ಬ್ಯಾನರಿನ್ಯಾಗ ಐತ್ರಿ?"

"ಮುದ್ರಿತವಾಗಿದೆಯಲ್ಲ ಮೇಡಂ" ಎಂದೆ.

"ಮುದ್ರಿತ ಆಗಿದ್ದು ಭಾಳ ನೋಡೀನ್ರಿ. ಕಪ್ ಯಾರರ ಒಯ್ಯಲಿ, ನನಗ ಆ ಕೆಲಸ ಬೇಕು. ಅದಕ್ಕ ಆಡಾಕತ್ತೀನಿ."

ನಾನು ಶುಭ ಕೋರಿದೆ. ನಿರ್ಣಾಯಕನೂ ಆದ ನಾನು ಒಬ್ಬ ಆಟಗಾರರಿಗೆ ಮಾತ್ರ ಶುಭ ಕೋರಬಹುದೇ ಎಂಬ ಅನುಮಾನ ಬಂದು, ಗಂಗಾವತಿಯವರಿಗೂ ಕರೆ ಮಾಡಿ ಶುಭ ಕೋರಿದೆ. ಅವರು ಗಾಬರಿಯಾಗಿ, "ಯಾಕ್ರಿ ಸರ, ಏನರ ಆಗೇತೇನು?" ಎಂದು ಕೇಳಿದರು.

ಅಂತಿಮ ಪಂದ್ಯವನ್ನು ಕಾಲೇಜಿನ ಸಭಾಂಗಣದಲ್ಲಿ, ಇಬ್ಬರನ್ನೂ ಒಂದೇ ವೇದಿಕೆಯ ಮೇಲೆ ಕೂರಿಸಿ, ಆನ್‌ಲೈನಿನಲ್ಲಿಯೇ ಆಡಿಸುವುದೆಂದು ತೀರ್ಮಾನವಾಗಿತ್ತು. ಎದುರುಬದುರು ಕುಳಿತವರು ಒಂದು ಮರದ ಹಲಗೆಯ ಮೇಲೆಯೇ ಆಡಬಹುದಲ್ಲವೇ ಎಂದಾಗ ಪ್ರಾಂಶುಪಾಲರು ನನ್ನನ್ನು ಮರುಕದಿಂದ ನೋಡಿದರು. "ಬ್ಯಾನರಿಗೆ ಆನ್‌ಲೈನ್ ಅಂತ ಹಾಕ್ಸೇವಲ್ರಿ." ಹೀಗಾಗಿ ಹತ್ತು ಅಡಿ ಅಂತರದಲ್ಲಿ ಎರಡು ಲ್ಯಾಪ್‌ಟಾಪುಗಳನ್ನು ಇಡಲಾಯಿತು. ಆಟ ಎಲ್ಲರಿಗೂ ಕಾಣಲೆಂದು ಗೋಡೆಯ ಮೇಲೆ ದೊಡ್ಡ ಪರದೆ ಇತ್ತು. ಅದರ ಅರ್ಧ ಭಾಗವನ್ನು ಹೂವಿನ ಅಲಂಕಾರ ಮರೆಮಾಡಿತ್ತು.

ಉದ್ಘಾಟನೆಯ ಪ್ರಶ್ನೆಗೂ ಕೊನೆಗೆ ಉತ್ತರ ಸಿಕ್ಕಿತ್ತು. ಅಂತಿಮ ಪಂದ್ಯದ ಮೊದಲ ನಡೆಯನ್ನು ಅಧ್ಯಕ್ಷರು ಇಡುವುದು. ಬಿಳಿಯ ಕಾಯಿಗಳು ಶಿಕ್ಷಕಿಯ ಪಾಲಿಗೆ ಬಂದಿದ್ದರಿಂದ ಅವರು ಎದ್ದುನಿಂತು ಕುರ್ಚಿ ಬಿಟ್ಟುಕೊಟ್ಟರು. ಅಧ್ಯಕ್ಷರು ಶಾಲನ್ನು ಸರಿಪಡಿಸಿಕೊಂಡು ಕುಳಿತು ಮೌಸ್ ಹಿಡಿದರು.

"ಯಾವ್ದು ಒತ್ತಬೇಕು?"

"ರಾಜನ ಮುಂದಿರುವ ಪದಾತಿಯನ್ನು ಎರಡು ಮನೆ ಮುಂದಕ್ಕೆ ಇಡಬಹುದು ಸರ್" ಎಂದು ನಾನು ಬಾಗಿ ಹೇಳಿದೆ.

"ನಟ್ಟನಡುವಿಂದೇನು? ಛೇ! ಶುಭಕಾರ್ಯ ಬಲಗಡಿಯಿಂದ ಮಾಡಬೇಕಪಾ" ಎಂದವರೇ ಬಲಗಡೆಯ ಕುದುರೆಯ ಮುಂದಿನ ಪದಾತಿಯನ್ನು ಎರಡು ಮನೆ ಮುಂದೂಡಿದರು. ಚಪ್ಪಾಳೆ ಬಿತ್ತು. ಗಂಗಾವತಿಯವರು ರೂಢಿಬಲದಿಂದ ತಕ್ಷಣ ತಮ್ಮ ರಾಜನ ಮುಂದಿನ ಪದಾತಿಯನ್ನು ಸರಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಆಟ ಉಳಿಯುತ್ತಿತ್ತು. ಆದರೆ ಛಾಯಾಗ್ರಾಹಕ ಕೂಗಿದ: "ಸಾಹೇಬ್ರ, ಕಣ್ಣು ಮುಚ್ಚಿದ್ರಿ. ಇನ್ನೊಮ್ಮೆ ಮಾಡ್ರಿ!"

ಅಧ್ಯಕ್ಷರು ಇನ್ನೊಮ್ಮೆ ಮಾಡಿದರು. ಈ ಸಲ ಪಕ್ಕದ ಒಂಟೆಯ ಮುಂದಿನ ಪದಾತಿ, ಒಂದು ಮನೆ. ಕಣ್ಣು ಅಗಲವಾಗಿ ತೆರೆದಿದ್ದರು. ಗಂಗಾವತಿಯವರ ಮಂತ್ರಿ ಓರೆಯಾಗಿ ಬಂದು ನಿಂತಿತು. ಬಿಳಿಯ ರಾಜನಿಗೆ ಸರಿಯಲು ಜಾಗವಿರಲಿಲ್ಲ, ಅಡ್ಡ ಬರುವವರಿರಲಿಲ್ಲ. ಚದುರಂಗದಲ್ಲಿ ಇದಕ್ಕಿಂತ ಬೇಗ ಸೋಲುವುದು ಸಾಧ್ಯವಿಲ್ಲ. ಬೇರೆಯವರು ಓದಿ ತಿಳಿಯುವ ಈ ಸೋಲನ್ನು ಅಧ್ಯಕ್ಷರು ಸ್ವಂತ ಪ್ರತಿಭೆಯಿಂದ ಸಾಧಿಸಿದ್ದರು. ಕಪ್ಪು ಕಾಯಿಗಳು ಗೆದ್ದವೆಂದು ಪರದೆ ತೋರಿಸಿತು. ಆಟ ಬಲ್ಲ ಐದಾರು ಮಂದಿ 'ಅಯ್ಯೋ' ಎಂದರು. ಉಳಿದ ಸಭೆ ಎದ್ದುನಿಂತು ಕರತಾಡನ ಮಾಡಿತು.

"ಇಷ್ಟ ಏನು? ಭಾಳ ಸರಳ ಐತಲ್ಲ" ಎಂದು ಅಧ್ಯಕ್ಷರು ಮುಂದಿನ ಸಾಲಿನ ಸೋಫಾಕ್ಕೆ ಮರಳಿದರು.

ಶಿಕ್ಷಕಿ ಇನ್ನೂ ನಿಂತೇ ಇದ್ದರು. ನಾನು ನಿಯಮಾವಳಿಯ ಪ್ರತಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದೆ. ಅದರಲ್ಲಿ ಎರಡು ನಿಯಮಗಳು ಈ ಸಂದರ್ಭಕ್ಕೆ ಅನ್ವಯಿಸುತ್ತಿದ್ದವು. ಸರ್ವರ್ ಘೋಷಿಸಿದ ಫಲಿತಾಂಶವೇ ಅಂತಿಮ ಎಂಬುದು ಒಂದು. ಆಟಗಾರರ ಪರವಾಗಿ ಅನ್ಯ ವ್ಯಕ್ತಿಯು ನಡೆ ಇಟ್ಟಲ್ಲಿ ಸದರಿ ಆಟಗಾರರನ್ನು ಅನರ್ಹಗೊಳಿಸಲಾಗುವುದು ಎಂಬುದು ಇನ್ನೊಂದು. ವಾಕ್ಯರಚನೆಯಲ್ಲಿ ದೋಷವೇನೂ ಇರಲಿಲ್ಲ. ಅನ್ಯ ವ್ಯಕ್ತಿ ಶಾಲು ಹೊದ್ದು ಬಂದರೆ ಏನು ಮಾಡಬೇಕೆಂಬುದನ್ನು ಮಾತ್ರ ನಾನು ಬರೆದಿರಲಿಲ್ಲ.

ಪ್ರಾಂಶುಪಾಲರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ಆಯಮ್ಮಗ ಎರಡನೇ ಬಹುಮಾನ ಕೊಟ್ಟು ಕಳಿಸ್ರಿ, ಮುಗೀತು. ಅಧ್ಯಕ್ಷರ ಹತ್ರ ಹೋಗಿ, ನೀವು ಸೋತೀರಿ ಅಂತ ಹೇಳಾಕ ಆಗ್ತೈತೇನು? ನಿಮಗ ಆಗ್ತೈತೇನು?" ಕೊನೆಯ ಪ್ರಶ್ನೆಯಲ್ಲಿ ಜೂನ್ ತಿಂಗಳು ಸ್ಪಷ್ಟವಾಗಿ ಕೇಳಿಸಿತು.

ಶಿಕ್ಷಕಿ ನನ್ನ ಮೇಜಿನ ಬಳಿ ಬಂದರು. "ಸರ, ನಾ ಇನ್ನೂ ಆಡೇ ಇಲ್ರಿ."

"ನಿಯಮದ ಪ್ರಕಾರ ನೋಡಿದರೆ ಮೇಡಂ..."

"ನಿಯಮ ಬರದವ್ರು ನೀವ. ಎರಡನೇ ಸಲ ಒತ್ತುವಾಗ ಅಧ್ಯಕ್ಷರ ಕೈ ಹಿಡಿಬೇಕಾಗಿದ್ದವ್ರೂ ನೀವ."

ನಾನು ನಿಯಮಾವಳಿಯ ಪುಟ ತಿರುವಿದೆ. ಅಷ್ಟರಲ್ಲಿ ಗಂಗಾವತಿಯವರು ಸಮಜಾಯಿಷಿ ಹೇಳಲು ಬಂದರು. "ನಾ ಏನ್ ಮಾಡ್ಲಿರಿ ಅಕ್ಕೋರ, ಕೈ ತಾನ ಹೋತು. ಸರ್ವರ್ ನಾ ಗೆದ್ದೀನಂತ ತೋರ್ಸಾಕತ್ತೈತಿ. ಗೆದ್ದದ್ದನ್ನ ಬಿಡು ಅಂದ್ರ ಹೆಂಗ?"

"ಬಿಡಬ್ಯಾಡ್ರಿ ಅಣ್ಣಾರ. ಆದ್ರ ಯಾರ ಮ್ಯಾಲೆ ಗೆದ್ರಿ?"

"ನಿಮ್ಮ ಮ್ಯಾಲೆ."

"ನಾ ಎದ್ದು ನಿಂತಿದ್ದೆ. ಮೌಸ್ ಹಿಡದವ್ರು ಅಧ್ಯಕ್ಷರು." ಶಿಕ್ಷಕಿ ಧ್ವನಿ ಏರಿಸಲಿಲ್ಲ, ತರಗತಿಯಲ್ಲಿ ಗುಣಾಕಾರ ಹೇಳಿಕೊಡುವವರಂತೆ ಮಾತನಾಡುತ್ತಿದ್ದರು. "ಅಧ್ಯಕ್ಷರನ್ನ ಗಂಗಾವತಿಯವ್ರು ಎರಡ ನಡಿಯೊಳಗ ಮಣ್ಣು ಮುಕ್ಕಿಸ್ಯಾರ ಅಂತ ಮೈಕಿನ್ಯಾಗ ಹೇಳ್ಸೋಣ್ರಿ. ನಿಮ್ಮ ಮಾಲಕರೂ ಅಲ್ಲೇ ಕುಂತಾರಲ್ಲ, ಕೇಳಿ ಖುಷಿ ಪಡ್ತಾರ."

ಗಿರಣಿಯ ಮಾಲೀಕರು ಅಧ್ಯಕ್ಷರಿಗೆ ಬೀಗರು. ಇಬ್ಬರೂ ಒಂದೇ ಸೋಫಾದಲ್ಲಿ ಕುಳಿತು ಒಂದೇ ತಟ್ಟೆಯಿಂದ ಗೋಡಂಬಿ ತಿನ್ನುತ್ತಿದ್ದರು. ಗುಮಾಸ್ತರು ಆ ಕಡೆ ಒಮ್ಮೆ ನೋಡಿದರು.

"ಛೆ ಛೆ, ನಾ ಎಲ್ಲಿ ಸೋಲ್ಸೀನ್ರಿ ಅವರನ್ನ! ಅದು... ಅದು ಉದ್ಘಾಟನಿ ಅಲ್ರಿ? ಹೌದಲ್ರಿ ಸರ? ಉದ್ಘಾಟನಿ ಅದು. ಆಟ ಇನ್ನ ಶುರು ಆಗಬೇಕು."

ಜಿಲ್ಲೆಯ ಯಾವ ನಿರ್ಣಾಯಕನಿಗೂ ಇಷ್ಟು ಸುಲಭವಾಗಿ ಉಭಯಪಕ್ಷಗಳ ಒಪ್ಪಿಗೆ ದೊರೆತಿರಲಾರದು. ನಾನು ಮೈಕ್ ತೆಗೆದುಕೊಂಡು, ಮಾನ್ಯ ಅಧ್ಯಕ್ಷರ ಅಮೃತಹಸ್ತದಿಂದ ಉದ್ಘಾಟನಾ ಪಂದ್ಯವು ಯಶಸ್ವಿಯಾಗಿ ಸಂಪನ್ನಗೊಂಡಿದೆಯೆಂದೂ, ಇದೀಗ ಅಂತಿಮ ಪಂದ್ಯವು ಆರಂಭವಾಗಲಿದೆಯೆಂದೂ ಪ್ರಕಟಿಸಿದೆ. ಯಾರ ಪಾಲಿಗೆ ಯಶಸ್ವಿ ಎಂಬುದನ್ನು ಹೇಳುವ ಅಗತ್ಯ ಬರಲಿಲ್ಲ.

ಅಧ್ಯಕ್ಷರು ಮತ್ತೆ ಏಳತೊಡಗಿದರು. "ತಡೀರಿ, ಇದಕ್ಕೂ ನಾನ ಒತ್ತತೀನಿ. ಈಗ ಕೈ ಕುಂತೈತಿ."

ಆ ಕ್ಷಣದಲ್ಲಿ ನಾನು ಮಾಡಿದ್ದನ್ನು ಧೈರ್ಯವೆಂದು ಕರೆಯಲಾರೆ. ಪ್ರಾಂಶುಪಾಲರ ಮುಖ ನೋಡದೆ ಮಾಡಿದೆನೆಂಬುದಷ್ಟೇ ನಿಜ. ಮೆಟ್ಟಿಲಿಳಿದು ಹೋಗಿ ಮೈಕನ್ನು ಅವರ ಬಲಗೈಗೆ ಕೊಟ್ಟೆ. ಸಭೆಯು ತಮ್ಮ ಹಿತವಚನಕ್ಕಾಗಿ ಕಾತರದಿಂದ ಕಾಯುತ್ತಿದೆ ಸರ್, ಎಂದೆ. ಸಭೆ ಊಟಕ್ಕೆ ಕಾಯುತ್ತಿತ್ತು. ಮೈಕ್ ಹಿಡಿದ ಕೈ ಮೌಸಿನ ಕಡೆಗೆ ಮತ್ತೆ ಹೋಗಲಿಲ್ಲ.

ಚದುರಂಗವು ತಾಳ್ಮೆಯನ್ನು ಕಲಿಸುತ್ತದೆ ಎಂದು ಅಧ್ಯಕ್ಷರು ಆರಂಭಿಸಿದರು. ಅವರ ಬೆನ್ನ ಹಿಂದೆ ಇಬ್ಬರು ಉಸಿರು ಬಿಗಿಹಿಡಿದು ಆಡುತ್ತಿದ್ದರು. ಗುಮಾಸ್ತರದು ಬಿಗಿಯಾದ ಆಟ. ಮೊದಲು ಅವರೇ ಮುಂದಿದ್ದರು. ಆದರೆ ಪ್ರತಿ ನಡೆಗೂ ಮುನ್ನ ಅವರ ಕಣ್ಣು ಒಮ್ಮೆ ಸೋಫಾದ ಕಡೆಗೆ ಹೋಗಿಬರುತ್ತಿತ್ತು. ಬ್ಲಿಟ್ಜ್‌ನಲ್ಲಿ ಆ ಪ್ರಯಾಣ ದುಬಾರಿ. ಅಧ್ಯಕ್ಷರು ತಮ್ಮ ಬಾಲ್ಯದ ಕಷ್ಟಗಳನ್ನು ದಾಟಿ ಶಾಲೆಯ ಅಡಿಪಾಯಕ್ಕೆ ಬರುವಷ್ಟರಲ್ಲಿ ಗುಮಾಸ್ತರ ಸಮಯ ತೀರಿತ್ತು. ಹಲಗೆಯ ಮೇಲೆ ಅವರ ಆನೆಯೊಂದು ಹೆಚ್ಚಾಗಿಯೇ ಇತ್ತು. ಶಿಕ್ಷಕಿಯ ಗಡಿಯಾರದಲ್ಲಿ ಇನ್ನೂ ಸಮಯವಿತ್ತು.

ಆಟ ಬಲ್ಲ ಐದಾರು ಮಂದಿ ಚಪ್ಪಾಳೆ ತಟ್ಟಿದರು. ಅದು ತಮ್ಮ ಮಾತಿಗೆಂದು ಭಾವಿಸಿದ ಅಧ್ಯಕ್ಷರು ಅದೇ ವಾಕ್ಯವನ್ನು ಮತ್ತೊಮ್ಮೆ ಹೇಳಿದರು.

ಬಹುಮಾನ ವಿತರಣೆಯಲ್ಲಿ ಅಧ್ಯಕ್ಷರೂ ಶಿಕ್ಷಕಿಯೂ ಕಪ್ಪನ್ನು ಎರಡು ಬದಿಯಿಂದ ಹಿಡಿದು ನಿಂತರು. ಅಧ್ಯಕ್ಷರು ಎದುರಿಗಿದ್ದ ಮೈಕಿನಲ್ಲಿ, "ಇವರಿಗೆ ನಮ್ಮ ಸಾಲ್ಯಾಗ ಒಂದು ಅವಕಾಶ ಕೊಡಬೇಕಂತ ವಿಚಾರ ಐತಿ. ಮುಂದ ನೋಡೋಣ" ಎಂದರು. ಬ್ಯಾನರಿನ ಹುದ್ದೆ ವೇದಿಕೆಗೆ ಬರುವಷ್ಟರಲ್ಲಿ ವಿಚಾರವಾಗಿತ್ತು. ಊಟದ ಹೊತ್ತಿಗೆ ಅದೂ ಉಳಿಯುತ್ತಿರಲಿಲ್ಲ.

ಅಧ್ಯಕ್ಷರು ಕೈ ತೆಗೆಯಲು ಹೋದರು. ಶಿಕ್ಷಕಿ ಕಪ್ಪನ್ನು ಅವರ ಕಡೆಗೇ ಒತ್ತಿಹಿಡಿದು, ಮೈಕಿಗೆ ಬಾಗಿ ಕೇಳಿದರು: "ಯಾವಾಗಿಂದ ಬರ್ಲಿ ಸರ?"

"ಬರ್ರಿ ಬರ್ರಿ, ಒಂದು ಸೋಮವಾರ ಬರ್ರಿ."

"ಯಾವ ಸೋಮವಾರ್ರಿ?"

ಹಿಂದಿನ ಸಾಲುಗಳಲ್ಲಿ ನಗೆ ಎದ್ದಿತು. ಅಧ್ಯಕ್ಷರೂ ನಕ್ಕರು, ನಗದೆ ಉಪಾಯವಿರಲಿಲ್ಲ. "ಬರೂ ಸೋಮವಾರ ಬರ್ರಿ ಆತು."

"ನಾಡಿದ್ದು ಬರೂದಲ್ರಿ?"

"ಹ್ಞೂಂ, ಅದ."

"ನಾಡಿದ್ದು ಸೋಮವಾರ ಅಂತ್ರಿ" ಎಂದು ಶಿಕ್ಷಕಿ ಸಭೆಗೆ ತಿಳಿಸಿದರು. "ಎಲ್ಲಾರೂ ಕೇಳಿದ್ರಲ್ಲ?" ಸಭೆ ಕೇಳಿದೆವೆಂದು ಒಕ್ಕೊರಲಿನಿಂದ ಹೇಳಿತು. ಆ ಬಳಿಕವಷ್ಟೇ ಅವರು ಕಪ್ಪನ್ನು ತಮ್ಮ ಕಡೆಗೆ ಎಳೆದುಕೊಂಡರು.

ಸೋಮವಾರ ಸಂಜೆ ಅವರಿಂದ ಕರೆ ಬಂದಿತು. ಬೆಳಿಗ್ಗೆ ಗೇಟಿನಲ್ಲಿ ಕಾವಲುಗಾರ, ಅಂಥ ಹುದ್ದೆಯೇ ಇಲ್ಲವೆಂದು ತಡೆದಿದ್ದನಂತೆ. ಅಂದು ಸಭಾಂಗಣದಲ್ಲಿದ್ದ ಪಾಲಕರೊಬ್ಬರು ಮಗನನ್ನು ಶಾಲೆಗೆ ಬಿಡಲು ಅಲ್ಲಿಗೆ ಬಂದಿದ್ದು, ತಾವು ಕಿವಿಯಾರೆ ಕೇಳಿದ್ದಾಗಿ ಜಗಳ ತೆಗೆದರಂತೆ. ಬಾಗಿಲು ತೆರೆಯಿತು. ಆದರೆ ಶಾಲೆಯಲ್ಲಿ ಒಂದೇ ಒಂದು ಚದುರಂಗದ ಹಲಗೆಯೂ ಇರಲಿಲ್ಲ.

"ಮತ್ತೆ ಏನು ಕೆಲಸ ಕೊಟ್ಟಿದ್ದಾರೆ ಮೇಡಂ?" ಎಂದು ಕೇಳಿದೆ.

"ಮುಂಜಾನಿ, ಸಂಜಿ ಬಸ್ಸಿನ್ಯಾಗ ಹುಡುಗರನ್ನ ಎಣಸೂದ್ರಿ. ನಡುವ ಆರನೇ ಇಯತ್ತೆದ ಗಣಿತ. ಇವತ್ತ ಮಧ್ಯಾಹ್ನ ಸೀಮಿಸುಣ್ಣದಾಗ ವರಾಂಡದ ಮ್ಯಾಲೆ ಮನಿ ಬರದು, ಆ ಹುಡುಗರನ್ನ ಕಾಯಿ ಮಾಡಿ ನಿಂದರ್ಸಿದ್ದೆ. ಒಬ್ಬಾಂವ ರಾಜ ಆಗಾಕ ಒಲ್ಲೆ ಅಂದ, ಒಂದ ಸಲಕ್ಕ ಒಂದ ಮನಿ ಅಷ್ಟ ಸರಿಬೇಕಂತ." ಫೋನಿನಲ್ಲಿ ಬಸ್ಸಿನ ಸದ್ದು ಕೇಳುತ್ತಿತ್ತು. "ಇಡ್ತೀನ್ರಿ ಸರ. ಇಬ್ಬರು ಕಡಿಮಿ ಅದಾರ, ಮತ್ತ ಎಣಸಬೇಕು."